ಕೈಯ ಹೆಸರಿಲ್ಲದ ಕೈಕೆಲಸ

ಕೈ ಕೆಸರಾದರೆ ಬಾಯಿ ಮೊಸರೆಂಬ ಗಾದೆಯನ್ನು ಕನ್ನಡಿಗರು ತೊಟ್ಟಿಲಿನಿಂದಲೇ ಕೇಳುತ್ತ ಬಂದಿರುವರು. ಆ ಗಾದೆಯು ಬಾಯಿಬಿಟ್ಟು ಹೇಳದೆ ಒಪ್ಪಿಕೊಂಡಿರುವ ಸಂಗತಿಯೊಂದುಂಟು. ಕೆಸರಾದ ಕೈಯೂ ಮೊಸರುಂಡ ಬಾಯಿಯೂ ಒಬ್ಬರವೇ ಆಗಿರಬೇಕೆಂಬುದೇ ಅದು. ಕೈ ಒಬ್ಬರದು, ಬಾಯಿ ಮತ್ತೊಬ್ಬರದು ಆದಲ್ಲಿ ಗಾದೆಯ ನೀತಿಯೇ ತಲೆಕೆಳಗಾಗುವುದು. ಅಂತರ್ಜಾಲದ ಪೇಟೆಯಲ್ಲಿ ‘ಕೈಯಿಂದ ಮಾಡಿದ್ದು’ ಎಂಬ ಚೀಟಿಯನ್ನು ಹೊತ್ತು ದೇಶದೇಶಗಳಿಗೆ ಹೋಗುತ್ತಿರುವ ಕಸೂತಿಯ ಸೀರೆ, ಕುಪ್ಪಸದ ಖಣ, ಕನ್ನಡಿ ಹಚ್ಚಿದ ಚೀಲ ಇವುಗಳನ್ನು ನೋಡಿದರೆ ಈ ವಿಪರೀತವೇ ನಡೆದಿರುವಂತೆ ಕಾಣುವುದು. ಅಲ್ಲಿ ಅಂಗಡಿಯ ಹೆಸರುಂಟು, ಬೆಲೆಯುಂಟು, ಕೊಂಡವರ ಪ್ರಶಂಸೆಯುಂಟು. ಕೈ ಯಾರದೆಂಬುದು ಮಾತ್ರ ಇಲ್ಲ.

ಅಂತರ್ಜಾಲದ ಪೇಟೆಯೇ ಕೆಟ್ಟದ್ದೆಂದು ಇಲ್ಲಿ ವಾದಿಸುವ ಉದ್ದೇಶವಿಲ್ಲ. ಹೊಸಿಲು ದಾಟಿ ಅಂಗಡಿಗೆ ಹೋಗಲಾರದ ಹೆಣ್ಣುಮಗಳ ಕೆಲಸವು ಆ ಪೇಟೆಯಿಂದಾಗಿ ಸಮುದ್ರವನ್ನು ದಾಟಬಲ್ಲದು. ಅಮೇರಿಕದಲ್ಲಿಯೂ ಇಂಗ್ಲಂಡಿನಲ್ಲಿಯೂ ನೆಲೆಸಿದ ಕನ್ನಡ ಮನೆತನಗಳು ಮಗಳ ಮದುವೆಗೆಂದು ಇಳಕಲ್ಲ ಸೀರೆಯ ಮೇಲೆ ಕಸೂತಿಯನ್ನು ಹೇಳಿ ಹಾಕಿಸಿಕೊಳ್ಳಲು ಅನುಕೂಲವಾದದ್ದೂ ಅದರಿಂದಲೇ. ಇಷ್ಟು ಉಪಕಾರವನ್ನು ಅಲ್ಲಗಳೆಯುವುದು ಕೃತಘ್ನತೆಯಾದೀತು. ವಾದವಿರುವುದು ಒಂದೇ ವಿಷಯದಲ್ಲಿ: ಕೈಕೆಲಸವೆಂದು ಹೇಳಿ ಮಾರುವ ವಸ್ತುವಿನೊಡನೆ ಅದನ್ನು ಮಾಡಿದ ಕೈಯ ಹೆಸರು ಬಾರದಿದ್ದರೆ ಆ ಮಾರಾಟವು ಅರ್ಧ ಸುಳ್ಳು, ಆ ಸುಳ್ಳಿನಲ್ಲಿ ಕೊಳ್ಳುವ ಸುಶಿಕ್ಷಿತರಿಗೂ ಪಾಲುಂಟು.

1

ಕಸೂತಿಯೆಂದರೇನೆಂಬುದನ್ನು ಧಾರವಾಡದ ಕಡೆಯವರಿಗೆ ಹೇಳಬೇಕಾದದ್ದಿಲ್ಲ. ಆದರೂ ಅದರ ಮರ್ಮವನ್ನು ನೆನಪಿಸಿಕೊಳ್ಳದೆ ಮುಂದಿನ ಮಾತು ತಿಳಿಯಲಾರದು. ಕಸೂತಿಯವಳು ಬಟ್ಟೆಯ ಮೇಲೆ ಸೀಸದಕಡ್ಡಿಯಿಂದ ಗೆರೆ ಬರೆದುಕೊಳ್ಳುವುದಿಲ್ಲ, ಅಚ್ಚನ್ನು ಒತ್ತಿಕೊಳ್ಳುವುದಿಲ್ಲ. ನೇಯ್ಗೆಯ ಎಳೆಗಳನ್ನು ಕಣ್ಣಿನಿಂದ ಎಣಿಸಿ ಸೂಜಿಯನ್ನು ಚುಚ್ಚುವಳು. ಗೋಪುರ, ರಥ, ತುಳಸೀವೃಂದಾವನ, ಆನೆ, ನವಿಲು, ತೊಟ್ಟಿಲು ಇವೆಲ್ಲವೂ ಅವಳ ಲೆಕ್ಕದೊಳಗಿನಿಂದಲೇ ಮೂಡಬೇಕು. ಗವಂತಿ, ಮುರ್ಗಿ, ನೇಯ್ಗಿ, ಹೆಂತೆ ಎಂದು ಹೊಲಿಗೆಗಳು ನಾಲ್ಕು. ಗವಂತಿಯಲ್ಲಿ ಸೂಜಿಯು ಮುಂದೆ ಹೋಗುವಾಗ ಬಿಟ್ಟ ಎಡೆಗಳನ್ನು ಮರಳಿ ಬರುವಾಗ ತುಂಬುವುದು. ಮುರ್ಗಿಯು ಮೆಟ್ಟಿಲು ಮೆಟ್ಟಿಲಾಗಿ ಏರಿಳಿಯುವುದು. ನೇಯ್ಗಿಯು ಮಗ್ಗದಲ್ಲಿ ನೇಯ್ದಂತೆಯೇ ಕಾಣುವುದು. ಹೆಂತೆಯು ಕತ್ತರಿಯಾಕಾರದ ಹೊಲಿಗೆ. ದಾರಕ್ಕೆ ಗಂಟು ಹಾಕುವ ಪದ್ಧತಿಯಿಲ್ಲ. ಆದುದರಿಂದ ಗವಂತಿ ಮುರ್ಗಿಗಳಲ್ಲಿ ಬಟ್ಟೆಯ ಮುಮ್ಮೈಯೂ ಹಿಮ್ಮೈಯೂ ಒಂದೇ ತೆರನಾಗಿ ಕಾಣುವುವು. ಒಂದು ಎಳೆಯ ಎಣಿಕೆ ತಪ್ಪಿದರೆ ಹಾದಿ ತಪ್ಪಿದಂತೆಯೇ. ಬಿಚ್ಚಿ ಮರಳಿ ಹಾಕುವುದೊಂದೇ ಉಪಾಯ. ಸೆರಗು ತುಂಬ ಕಸೂತಿಯಿರುವ ಸೀರೆಗೆ ತಿಂಗಳುಗಳು ಹಿಡಿಯುವುವೆಂಬುದಕ್ಕೆ ಕಾರಣವಿದೇ.

ಪೂರ್ವದಲ್ಲಿ ಈ ಕೆಲಸವು ಮನೆಯದಾಗಿತ್ತು. ಮಗಳ ಮದುವೆಯ ಕರಿಯ ಚಂದ್ರಕಾಳಿಯ ಮೇಲೆ ತಾಯಿ ಹಾಕುವಳು. ಬಾಣಂತಿಯ ಕುಪ್ಪಸಕ್ಕೆ ಅತ್ತಿಗೆ ಹಾಕುವಳು. ಕೂಸಿನ ಕುಲಾವಿಗೆ ಅಜ್ಜಿ ಹಾಕುವಳು. ಉಟ್ಟವಳಿಗೆ ಹಾಕಿದವಳು ಗೊತ್ತು. ಬಟ್ಟೆಯ ಮೇಲೆ ಹೆಸರು ಬೇಕಾಗಿರಲಿಲ್ಲ, ಏಕೆಂದರೆ ಹೆಸರು ಮನೆಯವರೆಲ್ಲರ ಬಾಯಲ್ಲಿತ್ತು. ಈಗ ಅದೇ ಕೆಲಸವು ಅಪರಿಚಿತರ ಕೈಯಿಂದ ಅಪರಿಚಿತರ ಮೈಗೆ ಹೋಗುತ್ತಿದೆ. ಮೊದಲು ಬಾಯಲ್ಲಿದ್ದ ಹೆಸರು ಈಗ ಬರೆಹದಲ್ಲಿ ಇರಬೇಡವೆ? ಬಳಕೆಯು ಬದಲಾದ ಮೇಲೆ ಮರ್ಯಾದೆಯ ರೀತಿಯೂ ಬದಲಾಗಬೇಕಷ್ಟೆ.

2

ಅಂತರ್ಜಾಲದ ಪೇಟೆಯ ಪಕ್ಷಪಾತಿಗಳು ಹೇಳುವ ಮೊದಲನೆಯ ಮಾತು, ಅದರಿಂದ ದಲ್ಲಾಳಿಯು ತೊಲಗಿಹೋದನೆಂಬುದು. ಮಾಡಿದವಳೇ ಮಾರುವಳು, ನಡುವೆ ತಿನ್ನುವವರಿಲ್ಲ, ಇದಕ್ಕಿಂತ ಹೆಚ್ಚಿನ ಸ್ವಾತಂತ್ರ್ಯವು ಯಾವುದೆಂದು ಅವರು ಕೇಳುವರು. ಮಾತು ಸವಿಯಾಗಿದೆ. ಆದರೆ ಪರೀಕ್ಷಿಸಿ ನೋಡಿದರೆ ದಲ್ಲಾಳಿಯು ತೊಲಗಲಿಲ್ಲ, ಅಂಗಿಯನ್ನು ಬದಲಿಸಿದನು. ಆ ಪೇಟೆಯಲ್ಲಿ ಅಂಗಡಿ ತೆರೆಯಲು ಒಳ್ಳೆಯ ಛಾಯಾಚಿತ್ರ ಬೇಕು, ಇಂಗ್ಲಿಷಿನಲ್ಲಿ ವರ್ಣನೆ ಬೇಕು, ಬ್ಯಾಂಕಿನ ಖಾತೆಯ ವ್ಯವಹಾರ ತಿಳಿದಿರಬೇಕು, ರಾತ್ರಿಯಲ್ಲಿ ಬಂದ ಗಿರಾಕಿಯ ಪ್ರಶ್ನೆಗೆ ಬೆಳಗಾಗುವುದರೊಳಗೆ ಉತ್ತರ ಕೊಡಬೇಕು. ಎಳೆ ಎಣಿಸುವ ಹೆಣ್ಣುಮಗಳಿಗೆ ಇವೆಲ್ಲ ಎಲ್ಲಿಂದ ಬರಬೇಕು? ಇವನ್ನು ಬಲ್ಲವರು ಅಂಗಡಿಯ ಒಡೆಯರಾಗುವರು. ಅವಳು ತುಂಡಿನ ಲೆಕ್ಕದ ಕೂಲಿಯವಳಾಗಿಯೇ ಉಳಿಯುವಳು. ‘ನಮ್ಮ ಕೈಯಿಂದ ಮಾಡಿದ್ದು’ ಎಂದು ಅಂಗಡಿಯ ಫಲಕವು ಹೇಳುವಾಗ ಆ ‘ನಮ್ಮ’ ಎಂಬ ಶಬ್ದದಲ್ಲಿ ಆಕೆಯು ಸೇರಿದವಳೇ ಹೊರಗಿನವಳೇ ಎಂಬುದನ್ನು ಕೊಳ್ಳುವವರು ಕೇಳುವುದಿಲ್ಲ, ಮಾರುವವರು ಹೇಳುವುದಿಲ್ಲ.

ಅಂಗಡಿಕಾರರ ಮೇಲೆ ಪೇಟೆಯ ಒಡೆಯರಿರುವರು. ಕೈಕೆಲಸದ ಪೇಟೆಗಳಲ್ಲೆಲ್ಲ ಹೆಸರಾದ ಎಟ್ಸಿಯ ಚರಿತ್ರೆಯನ್ನು ಈ ಪ್ರಸಂಗದಲ್ಲಿ ನೋಡತಕ್ಕದ್ದು. ಅದು 2005ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್ನಿನಲ್ಲಿ ಹುಟ್ಟಿತು. ಕೈಯಿಂದ ಮಾಡಿದ ವಸ್ತು, ಹಳೆಯ ಕಾಲದ ವಸ್ತು, ಕೈಕೆಲಸಕ್ಕೆ ಬೇಕಾಗುವ ಸಾಮಗ್ರಿ ಇವಿಷ್ಟನ್ನೇ ಮಾರಗೊಡುವೆವೆಂಬುದು ಅದರ ಆದಿಯ ಸಂಕಲ್ಪವಾಗಿತ್ತು. 2013ರಲ್ಲಿ ಆ ಸಂಕಲ್ಪವು ಸಡಿಲಿತು: ಮಾರುವವರು ಅಪ್ಪಣೆ ಪಡೆದು ಹೊರಗಿನ ತಯಾರಕರಿಂದ ವಸ್ತುಗಳನ್ನು ಮಾಡಿಸಬಹುದೆಂದಾಯಿತು. 2015ರಲ್ಲಿ ಸಂಸ್ಥೆಯ ಷೇರುಗಳು ಸಾರ್ವಜನಿಕ ಪೇಟೆಗೆ ಬಂದುವು. ಮಾರಾಟದ ಮೇಲಿನ ಸುಂಕವು 2018ರವರೆಗೆ ನೂರಕ್ಕೆ 3.5 ಇದ್ದದ್ದು ಆ ವರ್ಷ 5 ಆಯಿತು, ಸಾಗಾಣಿಕೆಯ ವೆಚ್ಚಕ್ಕೂ ಅದು ಅಂಟಿಕೊಂಡಿತು. 2022ರ ಏಪ್ರಿಲಿನಲ್ಲಿ 6.5ಕ್ಕೆ ಏರಿತು. ಹೊರಗಣ ಜಾಹೀರಾತನ್ನು ನೋಡಿ ಬಂದ ಗಿರಾಕಿಯು ಕೊಂಡರೆ ನೂರಕ್ಕೆ 15 ಅಥವಾ 12ರಂತೆ ಬೇರೆ ಕೊಡಬೇಕೆಂಬ ನಿಯಮವು 2020ರಲ್ಲಿಯೇ ಬಂದಿತ್ತು. ನೂರು ಡಾಲರಿನ ಬಟ್ಟೆಯು ಅಂಥ ಗಿರಾಕಿಗೆ ಹೋದರೆ ಹಣ ಸಾಗಿಸುವ ಖರ್ಚನ್ನು ಬಿಟ್ಟೇ ಇಪ್ಪತ್ತೊಂದೂವರೆ ಡಾಲರುಗಳವರೆಗೆ ಪೇಟೆಯ ಪಾಲಾಗಬಹುದೆಂದಾಯಿತು. ಹಳೆಯ ಅಡತಿಯವನು ಇಷ್ಟು ಕೇಳಿದ್ದರೆ ಊರವರು ಅವನನ್ನು ಏನೆಂದು ಕರೆಯುತ್ತಿದ್ದರೋ ವಾಚಕರೇ ಊಹಿಸಬೇಕು.

2022ರ ಏಪ್ರಿಲ್ 11ರಿಂದ ಒಂದು ವಾರದವರೆಗೆ ಸಾವಿರಾರು ಮಾರಾಟಗಾರರು ತಮ್ಮ ಅಂಗಡಿಗಳನ್ನು ಮುಚ್ಚಿ ಮುಷ್ಕರ ಹೂಡಿದರು. ಸುಂಕವನ್ನು ಇಳಿಸಬೇಕೆಂಬುದರೊಡನೆ, ಕಾರಖಾನೆಯ ಸರಕನ್ನು ಕೈಕೆಲಸವೆಂದು ಮಾರುವವರನ್ನು ಹೊರಹಾಕಬೇಕೆಂಬುದೂ ಅವರ ಬೇಡಿಕೆಯಾಗಿತ್ತು. ಅಂದರೆ ಕಳವಳವು ಕನ್ನಡನಾಡಿನದಷ್ಟೇ ಅಲ್ಲ. ಆ ಪೇಟೆಯು ಹುಟ್ಟಿದ ನಾಡಿನ ಕುಶಲಿಗಳಿಗೂ ಇದೇ ಬಾಧೆ. 2024ರ ಜುಲೈಯಲ್ಲಿ ಸಂಸ್ಥೆಯು ವಸ್ತುಗಳನ್ನು ಮಾರುವವರು ಮಾಡಿದ್ದು, ಮಾರುವವರು ರೂಪಿಸಿದ್ದು, ಮಾರುವವರು ಆರಿಸಿದ್ದು, ಮಾರುವವರು ಒದಗಿಸಿದ್ದು ಎಂದು ನಾಲ್ಕು ಬಗೆಯಾಗಿ ವಿಂಗಡಿಸಿ ತೋರಿಸತೊಡಗಿತು. ವಿಂಗಡಣೆಯು ಪ್ರಾಮಾಣಿಕತೆಯ ಕಡೆಗೆ ಒಂದು ಹೆಜ್ಜೆಯೇ ಸರಿ. ಆದರೆ ನಾಲ್ಕರಲ್ಲಿಯೂ ಕರ್ತೃಪದವು ಒಂದೇ ಎಂಬುದನ್ನು ಗಮನಿಸಬೇಕು: ಮಾರುವವರು. ಬೇರೊಬ್ಬರಿಗೆ ಮಾಡಿಕೊಟ್ಟವಳಿಗೆ ಆ ವಾಕ್ಯಗಳೊಳಗೆ ಜಾಗವೇ ಇಲ್ಲ.

3

ಸರಕಾರದ ಕಾಯದೆಗಳಾದರೂ ಆ ಹೆಸರನ್ನು ಉಳಿಸಿರುವುವೆ? 2020ರ ಗ್ರಾಹಕ ಸಂರಕ್ಷಣೆಯ ಇ-ವಾಣಿಜ್ಯ ನಿಯಮಗಳು ಅಂತರ್ಜಾಲದ ಪೇಟೆಯಲ್ಲಿ ಮಾರುವವರ ಹೆಸರು, ವಿಳಾಸಗಳನ್ನು ತೋರಿಸಬೇಕೆನ್ನುವುವು. ಕೈಕೆಲಸ ಮಾಡಿದವರ ಹೆಸರನ್ನು ಕೇಳುವುದಿಲ್ಲ. 1999ರಲ್ಲಿ ಅಂಗೀಕೃತವಾಗಿ 2003ರಲ್ಲಿ ಜಾರಿಗೆ ಬಂದ ಭೌಗೋಳಿಕ ಸೂಚಕಗಳ ಕಾಯದೆಯ ಅಡಿಯಲ್ಲಿ ಕರ್ನಾಟಕದ ಕಸೂತಿಯೂ ಸಂಡೂರಿನ ಲಂಬಾಣಿ ಕಸೂತಿಯೂ ದಾಖಲಾಗಿರುವುವು. ಇದು ಸಂತೋಷದ ಸಂಗತಿ. ಸುಳ್ಳಾಗಿ ಆ ಹೆಸರನ್ನು ಹಚ್ಚಿ ಮಾರುವುದು ಅಪರಾಧವೆಂದು ಕಾಯದೆಯು ಹೇಳುವುದು. ಆದರೂ ಆ ಕಾಯದೆಯು ಊರಿನ ಹೆಸರನ್ನು ಕಾಯುವುದೇ ಹೊರತು ಊರಿನೊಳಗೆ ಕುಳಿತು ಸೂಜಿ ಹಿಡಿದವಳ ಹೆಸರನ್ನಲ್ಲ. 2023ರ ಸೆಪ್ಟೆಂಬರಿನಲ್ಲಿ ಆರಂಭವಾದ ಪ್ರಧಾನಮಂತ್ರಿ ವಿಶ್ವಕರ್ಮ ಯೋಜನೆಯು 18 ಕಸಬುಗಳನ್ನು ಹೆಸರಿಸಿತು. ಬಡಗಿಯಿದ್ದಾನೆ, ಕುಂಬಾರನಿದ್ದಾನೆ, ಮಾಲೆಗಾರನಿದ್ದಾನೆ, ದರ್ಜಿಯೂ ಇದ್ದಾನೆ. ಕಸೂತಿಯವಳು ಆ ಹದಿನೆಂಟರಲ್ಲಿ ಇರಲಿಲ್ಲ.

ತಾನೇ ನೇರವಾಗಿ ಮಾರುವೆನೆಂದು ಧೈರ್ಯಮಾಡಿ ಹೊರಟವಳಿಗೂ ದಾರಿ ಸುಗಮವಾಗಿಲ್ಲ. ಅಂತರ್ಜಾಲದ ಪೇಟೆಯ ಮೂಲಕ ಸರಕು ಮಾರುವವರೆಲ್ಲರೂ ವಹಿವಾಟು ಎಷ್ಟೇ ಅಲ್ಪವಿರಲಿ ಜಿ.ಎಸ್.ಟಿ.ಯ ನೋಂದಣಿ ಮಾಡಿಸಬೇಕೆಂಬ ಕಟ್ಟಳೆಯಿತ್ತು. 2023ರ ಅಕ್ಟೋಬರ್ 1ರಿಂದ ಸಣ್ಣ ಮಾರಾಟಗಾರರಿಗೆ ಅದರಿಂದ ವಿನಾಯಿತಿ ದೊರೆಯಿತು. ಆದರೆ ರಾಜ್ಯದ ಗಡಿಯೊಳಗೆ ಮಾರಿದರೆ ಮಾತ್ರ. ಧಾರವಾಡದವಳು ದೂರದ ಬೆಂಗಳೂರಿಗೆ ಸೀರೆಯನ್ನು ಕಳಿಸಬಹುದು, ಹತ್ತಿರದ ಕೊಲ್ಲಾಪುರಕ್ಕೆ ಕಳಿಸಬೇಕಾದರೆ ನೋಂದಣಿ ಬೇಕೆಂಬ ವಿಚಿತ್ರವು ಇದರಿಂದ ಉಂಟಾಯಿತು. ಕಸೂತಿಯುಡುವ ಮನೆತನಗಳು ಗಡಿಯ ಎರಡೂ ಕಡೆ ಇರುವುವೆಂಬುದನ್ನು ಕಟ್ಟಳೆ ಮಾಡಿದವರು ಯೋಚಿಸಿದಂತೆ ತೋರುವುದಿಲ್ಲ. ಪರದೇಶದ ದಾರಿಯೂ ಇಕ್ಕಟ್ಟಾಗಿದೆ. 800 ಡಾಲರುಗಳ ಒಳಗಿನ ಪಾರ್ಸಲಿಗೆ ಸುಂಕವಿಲ್ಲವೆಂದು ಅಮೇರಿಕವು ಕೊಟ್ಟಿದ್ದ ಸೌಲಭ್ಯವು 2025ರ ಆಗಸ್ಟ್ 29ರಂದು ಎಲ್ಲ ದೇಶಗಳಿಗೂ ನಿಂತಿತು. ಭಾರತದ ಅಂಚೆಯವರು ಅಲ್ಲಿಗೆ ಪಾರ್ಸಲುಗಳನ್ನು ಒಯ್ಯುವುದನ್ನೇ ಅಕ್ಟೋಬರಿನ ನಡುವಿನವರೆಗೆ ನಿಲ್ಲಿಸಬೇಕಾಯಿತು. ಇಂಥ ಹೊಡೆತಗಳನ್ನು ದೊಡ್ಡ ಅಂಗಡಿಯು ತಾಳಿಕೊಳ್ಳುವುದು. ಒಂಟಿ ಕೈಯು ತಾಳಲಾರದೆ ಮರಳಿ ದೊಡ್ಡ ಅಂಗಡಿಯ ಬಾಗಿಲಿಗೇ ಬರುವುದು.

4

ಇಷ್ಟಾದರೂ ತಪ್ಪನ್ನೆಲ್ಲ ಪೇಟೆಯ ಮೇಲೂ ಸರಕಾರದ ಮೇಲೂ ಹೊರಿಸಿ ಸುಶಿಕ್ಷಿತ ಮನೆತನಗಳು ಕೈತೊಳೆದುಕೊಳ್ಳುವಂತಿಲ್ಲ. ಕಸೂತಿಯು ಅಳಿಯುತ್ತಿದೆಯೆಂದು ಸಭೆಗಳಲ್ಲಿ ಮರುಗುವವರು ಈ ಮನೆತನದವರೇ. ಮನೆಗೆ ಬಂದು ಅಂತರ್ಜಾಲದಲ್ಲಿ ಅತ್ಯಂತ ಅಗ್ಗದ ‘ಕಸೂತಿ’ಯನ್ನು ಹುಡುಕುವವರೂ ಇವರೇ. ಕಂಪ್ಯೂಟರ್ ಯಂತ್ರದಿಂದ ಹೊಲಿದ ಗೋಪುರವನ್ನೂ, ಬಟ್ಟೆಯ ಮೇಲೆ ಕೇವಲ ಛಾಪಿಸಿದ ಆನೆಯನ್ನೂ ಕಸೂತಿಯೆಂಬ ಹೆಸರಿನಿಂದ ಕೊಂಡು, ಅಗ್ಗವಾಗಿ ದೊರಕಿತೆಂದು ನೆರೆಯವರಿಗೆ ತೋರಿಸುವರು. ಅದೇ ಪುಟದಲ್ಲಿ ನಿಜವಾದ ಕೆಲಸವು ಹತ್ತು ಪಟ್ಟು ಬೆಲೆಗೆ ಕಂಡರೆ ‘ಇವರು ಸುಲಿಯುವರು’ ಎಂಬ ತೀರ್ಪನ್ನು ಕೊಡುವರು. ಹೀಗೆ ಸುಳ್ಳಿನ ಅಗ್ಗದ ಬೆಲೆಯು ಸತ್ಯದ ಬೆಲೆಯನ್ನು ಅಪರಾಧಿಯ ಸ್ಥಾನದಲ್ಲಿ ನಿಲ್ಲಿಸುವುದು.

ಹೇಳಿ ಮಾಡಿಸುವ ಕೆಲಸದಲ್ಲಿ ಈ ಅನ್ಯಾಯವು ಇನ್ನಷ್ಟು ಕ್ರೂರವಾಗುವುದು. ವರನ ಹೆಸರಿನ ಮೊದಲ ಅಕ್ಷರ, ವಧುವಿನ ಮನೆಯ ಗುರುತು, ಇಂಥದೇ ಬಣ್ಣ, ಇಷ್ಟೇ ಅಗಲದ ಅಂಚು ಎಂದು ಗಿರಾಕಿಯು ಹೇಳುವನು. ಕೆಲಸವು ಅರ್ಧವಾದಾಗ ಬಣ್ಣವನ್ನು ಬದಲಿಸೆನ್ನುವನು. ಪೂರ್ತಿಯಾಗಿ ಮನೆಯ ಬಾಗಿಲಿಗೆ ಬಂದಾಗ, ಹಣವನ್ನು ವಸ್ತು ಕೈಸೇರಿದ ಮೇಲೆ ಕೊಡುವ ಏರ್ಪಾಡಿದ್ದರೆ, ಬೇಡವೆಂದು ಮರಳಿಸಿಬಿಡುವನು. ಅಂಗಡಿಯಲ್ಲಿ ಮಡಿಸಿಟ್ಟ ಸೀರೆಯು ಮರಳಿ ಬಂದರೆ ಇನ್ನೊಬ್ಬರಿಗೆ ಮಾರಬಹುದು. ಒಂದು ಮನೆತನದ ಅಕ್ಷರವನ್ನು ಹೊತ್ತ ಸೀರೆಯನ್ನು ಯಾರು ಉಡುವರು? ತಿಂಗಳುಗಳ ಕಣ್ಣಿನ ಶ್ರಮವು ಪೆಟ್ಟಿಗೆಯ ತಳವನ್ನು ಸೇರುವುದು. ಹಿಂದಿನವರು ಹೇಳಿ ಮಾಡಿಸುವ ಕೆಲಸಕ್ಕೆ ಸಂಚಕಾರ ಕೊಡದೆ ಮಾತೇ ಆಡುತ್ತಿರಲಿಲ್ಲ. ಅಕ್ಕಸಾಲಿಗನಿಗೆ ಇಂದಿಗೂ ಮುಂಗಡ ಕೊಡುವ ಮನೆತನವು ಕಸೂತಿಯವಳಿಗೆ ಕೊಡಲು ಹಿಂಜರಿಯುವುದೇಕೆ? ಬಂಗಾರಕ್ಕೆ ಬೆಲೆಯುಂಟು, ಬೆರಳಿಗಿಲ್ಲವೆಂಬ ಭಾವನೆಯಲ್ಲದೆ ಇದಕ್ಕೆ ಬೇರೆ ಕಾರಣವು ಕಾಣದು.

5

ಇನ್ನು ಪೂರ್ವಪಕ್ಷದ ಎರಡು ಆಕ್ಷೇಪಗಳನ್ನು ವಿಚಾರಿಸಬೇಕು. ಹೆಸರನ್ನು ಬಯಸುವುದು ಭಾರತೀಯ ಕುಶಲಿಗಳ ಸಂಪ್ರದಾಯವಲ್ಲ, ಅವರು ಕರ್ತೃತ್ವವನ್ನು ದೇವರಿಗೆ ಒಪ್ಪಿಸಿ ಮರೆಯಾದವರು ಎಂದು ಕೆಲವು ವಿದ್ವಾಂಸರು ಹೇಳುವುದುಂಟು. ಈ ಮಾತು ಭಕ್ತಿಯಂತೆ ಕೇಳಿಸುವುದು. ಆದರೆ ಕನ್ನಡನಾಡಿನ ಕಲ್ಲುಗಳೇ ಅದಕ್ಕೆ ಎದುರು ಸಾಕ್ಷಿ ನುಡಿಯುವುವು. 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಚೆನ್ನಕೇಶವ ದೇವಾಲಯದಲ್ಲಿ ಬಳ್ಳಿಗಾವೆಯ ದಾಸೋಜನೂ ಅವನ ಮಗ ಚಾವಣನೂ ತಾವು ಕಡೆದ ಮೂರ್ತಿಗಳ ಕೆಳಗೆ ತಮ್ಮ ಹೆಸರನ್ನು ಕೆತ್ತಿರುವರು. 13ನೆಯ ಶತಮಾನದ ಸೋಮನಾಥಪುರದಲ್ಲಿ ಮಲ್ಲಿತಮ್ಮನ ಹೆಸರು ಅನೇಕ ಶಿಲ್ಪಗಳ ಕೆಳಗೆ ಇದೆ. ದೇವರ ಮನೆಯಲ್ಲಿಯೇ ಶಿಲ್ಪಿಯ ಹೆಸರಿಗೆ ಎಡೆಯಿತ್ತೆಂದ ಮೇಲೆ ವ್ಯಾಪಾರದ ಮನೆಯಲ್ಲಿ ಇಲ್ಲವೆನ್ನುವುದು ಭಕ್ತಿಯಲ್ಲ, ಲಾಭದ ಲೆಕ್ಕ. ಹೆಸರನ್ನು ಬೇಡವೆನ್ನುವ ವಿನಯವು ಮಾಡಿದವಳಿಗೆ ಒಪ್ಪುವುದು. ಅವಳ ಪರವಾಗಿ ಆ ವಿನಯವನ್ನು ಮಾರುವವನು ತೋರಿಸಬಾರದು.

ಎರಡನೆಯ ಆಕ್ಷೇಪವು ಹೆಚ್ಚು ತೂಕದ್ದು. ಬೆಲೆ ಏರಿದರೆ ಬಡ ಮನೆತನಗಳು ಕಸೂತಿಯ ಸೊಗಸನ್ನು ಅನುಭವಿಸುವುದು ಹೇಗೆ? ಯಂತ್ರದ ಕೆಲಸವು ಅವರಿಗಾದರೂ ಬೇಡವೆ? ಬೇಕು, ಧಾರಾಳವಾಗಿ ಇರಲಿ. ಯಂತ್ರದ ಹೊಲಿಗೆಯನ್ನು ಯಂತ್ರದ ಹೊಲಿಗೆಯೆಂದೂ, ಛಾಪಿಸಿದ್ದನ್ನು ಛಾಪಿಸಿದ್ದೆಂದೂ ಹೇಳಿ ಮಾರಿದಲ್ಲಿ ಯಾರಿಗೂ ಹಾನಿಯಿಲ್ಲ. ಗಿರಣಿಯ ಬಟ್ಟೆಯು ಗಿರಣಿಯ ಬಟ್ಟೆಯೆಂದೇ ಮಾರಾಟವಾದರೆ ಅದರಿಂದ ನೇಕಾರನಿಗೆ ಪೈಪೋಟಿಯಾದೀತು, ಅಪಮಾನವಾಗಲಾರದು. ಅದೇ ಬಟ್ಟೆಯು ಕೈಮಗ್ಗದ ಹೆಸರನ್ನು ಹೊತ್ತು ಬಂದಾಗ ಅವನ ಅನ್ನದೊಡನೆ ಮಾನವೂ ಹೋಗುವುದು. ಇಲ್ಲಿಯ ಆಕ್ಷೇಪವೂ ಯಂತ್ರದ ಮೇಲಲ್ಲ, ಯಂತ್ರವು ಕೈಯ ವೇಷವನ್ನು ಹಾಕಿಕೊಂಡು ಬರುವುದರ ಮೇಲೆ.

6

ಹಾಗಾದರೆ ಮಾಡತಕ್ಕದ್ದೇನು? ಕೊಳ್ಳುವವರು ಮೊದಲು ಬಟ್ಟೆಯ ಹಿಮ್ಮೈಯ ಛಾಯಾಚಿತ್ರವನ್ನು ಕೇಳಬೇಕು. ಗವಂತಿಯೂ ಮುರ್ಗಿಯೂ ಎರಡೂ ಕಡೆ ಒಂದೇ ತೆರನಾಗಿರುವುವು. ಯಂತ್ರದ ಕೆಲಸದಲ್ಲಿ ಕೆಳಗಿನ ಬಾಬಿನ್ ದಾರವು ಬೇರೆಯಾಗಿ ಕಾಣುವುದು, ಹಲವು ಸಲ ಕಾಗದದಂಥ ಅಸ್ತರಿಯೂ ಅಂಟಿಕೊಂಡಿರುವುದು. ಛಾಪಿಸಿದ್ದರ ಹಿಂದೆ ಹೊಲಿಗೆಯೇ ಇರುವುದಿಲ್ಲ. ಮಾರುವವರು ಮುಮ್ಮೈಯನ್ನು ಹತ್ತು ಬಗೆಯಲ್ಲಿ ತೋರಿಸಿ ಹಿಮ್ಮೈಯನ್ನು ಒಮ್ಮೆಯೂ ತೋರಿಸದಿದ್ದರೆ ಕಾರಣವನ್ನು ಕೇಳುವುದು ಗಿರಾಕಿಯ ಹಕ್ಕು. ಎರಡನೆಯದಾಗಿ, ಹಾಕಿದವಳು ಯಾರು, ಯಾವ ಊರಿನವಳು, ಕೆಲಸಕ್ಕೆ ಎಷ್ಟು ದಿನ ಹಿಡಿಯಿತು, ಅವಳಿಗೆ ಸಂದದ್ದೆಷ್ಟು ಎಂದು ಬರೆದು ಕೇಳಬೇಕು. ಹೆಸರನ್ನು ಪ್ರಕಟಿಸಲು ಆಕೆಗೆ ಮನಸ್ಸಿಲ್ಲದಿದ್ದರೆ ಬೇಡ, ಆದರೆ ಆ ನಿರ್ಧಾರವು ಆಕೆಯದಾಗಿರಬೇಕು. ಇಂಥ ಪ್ರಶ್ನೆಯನ್ನು ಒಬ್ಬರು ಕೇಳಿದರೆ ಅಂಗಡಿಯು ನಗುವುದು. ನೂರು ಜನ ಕೇಳಿದರೆ ಚೀಟಿಯ ಮೇಲೆ ಅಚ್ಚುಹಾಕಿಸುವುದು. ಮೂರನೆಯದಾಗಿ, ಹೇಳಿ ಮಾಡಿಸುವ ಕೆಲಸಕ್ಕೆ ಅರ್ಧ ಹಣವನ್ನು ಮೊದಲೇ ಕೊಟ್ಟು, ಕೊಟ್ಟ ಮಾತನ್ನು ನಡುವೆ ಬದಲಿಸದೆ, ಅವಸರಪಡಿಸದೆ ಕಾಯಬೇಕು.

ಜಿಲ್ಲೆಯ ಸಾಹಿತ್ಯಸಂಘಗಳಿಗೂ ಇಲ್ಲಿ ಕೆಲಸವುಂಟು. ಶಾಸನಗಳ ಅಕ್ಷರಗಳನ್ನು ಓದಿ ಶಿಲ್ಪಿಗಳ ಹೆಸರನ್ನು ಉಳಿಸಿದ ವಿದ್ವಾಂಸರ ಪರಂಪರೆಯು ಕನ್ನಡದಲ್ಲಿದೆ. ಜೀವಂತರ ಹೆಸರನ್ನು ಬರೆದಿಡುವುದು ಅದಕ್ಕಿಂತ ಸುಲಭವಾದ ಕೆಲಸ. ತಾಲೂಕು ತಾಲೂಕಿಗೆ ಹೋಗಿ, ಕಸೂತಿ ಹಾಕುವ ಹೆಣ್ಣುಮಕ್ಕಳ ಹೆಸರನ್ನೂ ಅವರು ಬಲ್ಲ ಹೊಲಿಗೆ ಚಿತ್ತಾರಗಳನ್ನೂ ಅವರ ಒಪ್ಪಿಗೆ ಪಡೆದು ಒಂದು ದಫ್ತರದಲ್ಲಿ ಬರೆಯಬೇಕು. ಅದರ ಪ್ರತಿಯು ಸಂಘದ ಗ್ರಂಥಾಲಯದಲ್ಲಿರಲಿ. ಸಂಘದ ಇಂಗ್ಲಿಷು ಬಲ್ಲ ತರುಣ ತರುಣಿಯರು ವಾರಕ್ಕೆರಡು ತಾಸು ಕುಳಿತು, ಆ ಹೆಣ್ಣುಮಕ್ಕಳು ತಮ್ಮ ಹೆಸರಿನಿಂದಲೇ ಅಂಗಡಿ ತೆರೆಯುವುದಕ್ಕೆ ಬೇಕಾದ ಬರೆಹವನ್ನು ಕೂಲಿಯಿಲ್ಲದೆ ಬರೆದುಕೊಡಲಿ. ಚಾಲ್ತಿಯ ದೊಡ್ಡ ಪೇಟೆಗಳಿಗೆ ಬದಲಾಗಿ ಲಾಭದ ಉದ್ದೇಶವಿಲ್ಲದೆ 2021ರಲ್ಲಿ ಸ್ಥಾಪಿತವಾದ ಓ.ಎನ್.ಡಿ.ಸಿ. ಜಾಲದಂಥ ದಾರಿಗಳನ್ನೂ ಅವರಿಗೆ ತಿಳಿಯಹೇಳಲಿ. ಅಂತರರಾಜ್ಯ ಮಾರಾಟದ ಮೇಲಿನ ನೋಂದಣಿಯ ತೊಡಕನ್ನು ಕೈಕೆಲಸದವರ ಮಟ್ಟಿಗಾದರೂ ಬಿಡಿಸಬೇಕೆಂದು ಶಾಸಕರಿಗೂ ಲೋಕಸಭೆಯ ಸದಸ್ಯರಿಗೂ ಸಂಘವು ಮನವಿ ಬರೆಯಲಿ.

ಇದೆಲ್ಲ ಸಣ್ಣ ಕೆಲಸವೆಂದು ತಳ್ಳಿಹಾಕತಕ್ಕದ್ದಲ್ಲ. ಮನೆಯಲ್ಲಿ ಅಜ್ಜಿಯ ಕಾಲದ ಚಂದ್ರಕಾಳಿಯೊಂದು ಪೆಟ್ಟಿಗೆಯಲ್ಲಿದ್ದರೆ ಅದನ್ನು ಹೊರತೆಗೆದು, ಇದನ್ನು ಹಾಕಿದವರು ಯಾರೆಂದು ಹಿರಿಯರನ್ನು ಕೇಳಿ ನೋಡಿರಿ. ಅನೇಕ ಮನೆಗಳಲ್ಲಿ ಉತ್ತರವು ಇನ್ನೂ ಸಿಕ್ಕೀತು. ಈ ವರ್ಷ ಅಂತರ್ಜಾಲದಲ್ಲಿ ಕೊಂಡ ಸೀರೆಯ ವಿಷಯದಲ್ಲಿ ಮೊಮ್ಮಕ್ಕಳು ಅದೇ ಪ್ರಶ್ನೆಯನ್ನು ಕೇಳಿದರೆ ಹೇಳುವುದಕ್ಕೆ ಅಂಗಡಿಯ ಹೆಸರಲ್ಲದೆ ಬೇರೇನು ಇರುವುದೆಂಬುದನ್ನು ಕೊಳ್ಳುವ ಮೊದಲೇ ಯೋಚಿಸತಕ್ಕದ್ದು.